ಜುಮ್ ಎನ್ನುವ ನಲ್ಲಿ



ಹೋದ ಮಳೆಗಾಲ ಅಕ್ಕನ ಮನೆಯಲ್ಲಿದ್ದೆ. ಬೆಳಿಗ್ಗೆ ಸ್ನಾನಕ್ಕೆ ನಿಂತು ಬಿಸಿನೀರಿನ ನಲ್ಲಿ ತಿರುಗಿಸಿದರೆ ಬೆರಳ ತುದಿ ಜುಮ್ ಎಂದಿತು. ಹೊರಗೆ ಬಂದು ಹೇಳಿದೆ. "ಅಯ್ಯೋ, ಅದು ಮೊದಲಿಂದಲೂ ಹಾಗೇ ಕಣೋ, ಗೀಸರ್ ಆಫ್ ಮಾಡಿ ಸ್ನಾನ ಮಾಡಬೇಕು" ಅಂದಳು. ಆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ನನಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಎಲೆಕ್ಟ್ರಿಷಿಯನ್ ಬಂದು, ಮೇನ್ ಆಫ್ ಮಾಡಿ, ಗೀಸರಿನ ಸಾಕೆಟ್ ಬಿಚ್ಚಿದರು. ಮೇಲಿನ ದೊಡ್ಡ ತೂತಿಗೆ ಸೇರಬೇಕಾದ ಹಸಿರು ವೈರು ಅಲ್ಲಿರಲಿಲ್ಲ. ಯಾರೋ ಅದರ ತುದಿ ಕತ್ತರಿಸಿ, ಸುರುಳಿ ಸುತ್ತಿ, ಪೆಟ್ಟಿಗೆಯ ಮೂಲೆಗೆ ತುರುಕಿದ್ದರು.

ಈ ಹಸಿರು ವೈರು, ಅಂದರೆ ಅರ್ಥ್ ವೈರು, ಇಲ್ಲದೆಯೂ ನೀರು ಕಾಯುತ್ತದೆ, ಮಿಕ್ಸಿ ತಿರುಗುತ್ತದೆ. ಅದಕ್ಕೇ ಅದರ ಬಗ್ಗೆ ಇಷ್ಟು ಉದಾಸೀನ. ಆದರೆ ಗೀಸರಿನ ಕಾಯಿಲ್ ಬಿರುಕು ಬಿಟ್ಟು ಕರೆಂಟು ಲೋಹದ ಮೈಗೆ ಸೋರತೊಡಗಿದಾಗ, ಅದನ್ನು ನೆಲಕ್ಕೆ ಒಯ್ಯಬೇಕಾದದ್ದು ಆ ವೈರು. ಅದಿಲ್ಲದಿದ್ದರೆ ನೀರು, ನಲ್ಲಿ, ನಮ್ಮ ಒದ್ದೆ ಕೈಕಾಲುಗಳೇ ದಾರಿಯಾಗುತ್ತವೆ. ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಅರ್ಥಿನದೇ ಉದ್ದ. ಸಿಗಿಸುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಕರೆಂಟು ಮಿತಿ ಮೀರಿದರೆ ಬೀಳುವ ಎಂಸಿಬಿ ಇದೆಯಲ್ಲ ಎನ್ನುತ್ತೀರಿ. ಲೆಕ್ಕ ಹಾಕಿ ನೋಡೋಣ. ನಮ್ಮ ಮನೆಗೆ ಬರುವುದು 230 ವೋಲ್ಟ್. ಅರ್ಥ್ ವೈರು ನೆಲ ಸೇರುವ ಗುಂಡಿ ಬೇಸಿಗೆಯಲ್ಲಿ ಒಣಗಿ, ಆ ದಾರಿಗೆ 25 ಓಮ್ ತಡೆ ಇದೆ ಎನ್ನಿ. ಸೋರುವ ಕರೆಂಟು 9 ಆಂಪಿಯರ್ ಚಿಲ್ಲರೆ. 2000 ವ್ಯಾಟ್ ಗೀಸರ್ ದಿನವೂ ಎಳೆಯುವುದು ಹೆಚ್ಚುಕಡಿಮೆ ಅಷ್ಟೇ. 16 ಆಂಪಿಯರಿನ ಎಂಸಿಬಿಗೆ ಅದರಲ್ಲಿ ಅನುಮಾನಪಡುವಂಥದ್ದೇನೂ ಕಾಣುವುದಿಲ್ಲ. ಮನುಷ್ಯನ ಎದೆಬಡಿತ ತಪ್ಪಿಸಲು ಅದರ ನೂರನೇ ಒಂದು ಭಾಗ ಸಾಕು.

ಆ ಸಣ್ಣ ಸೋರಿಕೆಯನ್ನು ಹಿಡಿಯುವುದು ಆರ್‌ಸಿಸಿಬಿ. ಕರೆಂಟು ಹೋಗುವ ಫೇಸ್ ಮತ್ತು ಮರಳುವ ನ್ಯೂಟ್ರಲ್ ಎರಡೂ ಅದರೊಳಗಿನ ಒಂದು ಕಬ್ಬಿಣದ ಬಳೆಯ ನಡುವೆ ಹಾದುಹೋಗುತ್ತವೆ. ಹೋದದ್ದೆಲ್ಲ ಮರಳಿ ಬಂದರೆ ಒಂದರ ಕಾಂತಬಲವನ್ನು ಇನ್ನೊಂದು ಅಳಿಸುತ್ತದೆ. ಸ್ವಲ್ಪ ಬೇರೆ ದಾರಿ ಹಿಡಿಯಿತೋ, ಬಳೆಗೆ ಸುತ್ತಿದ ಮೂರನೆಯ ತಂತಿಯಲ್ಲಿ ಕರೆಂಟು ಹುಟ್ಟಿ ಸ್ವಿಚ್ಚು ಬೀಳುತ್ತದೆ. ಮನೆಗೆ ಹಾಕಬೇಕಾದದ್ದು 30 ಮಿಲಿ ಆಂಪಿಯರಿನದು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ಆದರೆ ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಗುರುತಿಸಲಾರದು. ಅದರ ಲೆಕ್ಕದಲ್ಲಿ ಹೋದದ್ದು ಮರಳಿ ಬಂದಿರುತ್ತದೆ.

ಅಕ್ಕನ ಮನೆಯಲ್ಲಿ ಆರ್‌ಸಿಸಿಬಿ ಇತ್ತು. ಆದರೂ ನಲ್ಲಿ ಜುಮ್ ಎನ್ನುತ್ತಿತ್ತು; ಬೆರಳಿನ ಮೂಲಕ ಹರಿದದ್ದು ಅದನ್ನು ಬೀಳಿಸುವಷ್ಟು ಇರಲಿಲ್ಲ. ನಾನು ಈ ಹೊತ್ತು ನಿಮ್ಮೆದುರು ಕೂತದ್ದೇ ಇದನ್ನು ಹೇಳಲಿಕ್ಕೆ. ಅರ್ಥ್ ಸರಿ ಇದ್ದರೆ ಯಾರೂ ಮುಟ್ಟುವ ಮೊದಲೇ ಸೋರಿಕೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕಾಯುತ್ತದೆ, ಯಾರಾದರೂ ಬಂದು ಮುಟ್ಟುವ ತನಕ.

ಅರ್ಥ್ ಇಲ್ಲವೆಂದು ಸಾಕೆಟ್ಟಿನಲ್ಲೇ ಅರ್ಥಿನ ತೂತನ್ನು ನ್ಯೂಟ್ರಲಿಗೆ ಸೇರಿಸುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಗೀಸರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಹಳೆಯ ಮನೆಗಳಲ್ಲಿ ಕಬ್ಬಿಣದ ನೀರಿನ ಪೈಪನ್ನೇ ಅರ್ಥ್ ಎಂದು ನಂಬಿದ್ದುಂಟು. ಪ್ಲಂಬರ್ ನಡುವೆ ಒಂದು ತುಂಡು ಪ್ಲಾಸ್ಟಿಕ್ ಪೈಪು ಹಾಕಿದರೆ ಅದು ಅಲ್ಲಿಗೇ ಕಡಿದಂತೆ. ಬಚ್ಚಲಿನ ಲೋಹದ ಪೈಪುಗಳನ್ನೆಲ್ಲ ತಾಮ್ರದ ವೈರಿನಿಂದ ಅರ್ಥಿಗೆ ಬೆಸೆಯುವುದಕ್ಕೆ ಬಾಂಡಿಂಗ್ ಎನ್ನುತ್ತಾರೆ. ಆಗ ಎರಡು ಕೈ ಎರಡು ಕಡೆ ತಾಗಿದರೂ ನಡುವೆ ವೋಲ್ಟೇಜಿನ ವ್ಯತ್ಯಾಸ ಇರುವುದಿಲ್ಲ.

ಮಳೆಗಾಲದಲ್ಲಿ ಪದೇಪದೇ ಬೀಳುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆಸಿಬಿಡುವವರೂ ಇದ್ದಾರೆ. ಬೀಳುತ್ತಿದೆ ಎಂದರೆ ಎಲ್ಲೋ ಸೋರುತ್ತಿರಬಹುದು, ಅಥವಾ ಯುಪಿಎಸ್ ಹಾಕುವಾಗ ನ್ಯೂಟ್ರಲ್ ಬೆರಕೆಯಾಗಿರಬಹುದು. ಹುಡುಕಿಸಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳದಿದ್ದರೆ ಬದಲಾಯಿಸಿ. ಆದರೆ ಆ ಗುಂಡಿ ಅರ್ಥನ್ನು ಪರೀಕ್ಷಿಸುವುದಿಲ್ಲ. ಅದನ್ನು ಮೀಟರಿನಿಂದಲೇ ಅಳೆಸಬೇಕು, ಬೇಸಿಗೆಯಲ್ಲಿ ನೆಲದ ಅರ್ಥ್ ಗುಂಡಿಗೆ ನೀರು ಹೊಯ್ಯಬೇಕು.

ಅಕ್ಕನ ಮನೆಯಲ್ಲಿ ಎಲೆಕ್ಟ್ರಿಷಿಯನ್ ಹಸಿರು ವೈರನ್ನು ಎಳೆದು, ತುದಿ ಸುಲಿದು, ಸ್ಕ್ರೂ ಬಿಗಿ ಮಾಡಿದರು. ಗೀಸರ್ ಹಾಕಿದ ತಕ್ಷಣ ಟಪ್ ಎಂದು ಆರ್‌ಸಿಸಿಬಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. "ನೀವು ಬಂದು ಕೆಡಿಸಿದಿರಾ?" ಅಂತ ಅಕ್ಕ ಗಾಬರಿಯಾದಳು. ಅವರು ಗೀಸರಿನ ಕಾಯಿಲ್ ಬಿಚ್ಚಿ ಅವಳ ಕೈಗಿಟ್ಟರು. ಉಪ್ಪುನೀರಿನ ಬಿಳಿ ಪದರದ ಕೆಳಗೆ, ಉಗುರಿನಷ್ಟು ಉದ್ದಕ್ಕೆ, ಅದು ಒಡೆದಿತ್ತು.