ನೆಹರು ಬ್ರಿಜ್ ಮೇಲಿನ ನಾಲ್ಕನೇ ಕಂಬ: ಸಾಬರಮತಿ ರಿವರ್‌ಫ್ರಂಟ್ ಕಟ್ಟುವಾಗ ನಾನು ತೆಗೆದ ಫೋಟೊಗಳು

ಹಿಂದೆ ಕೂತವರಿಗೆ ಕೇಳಿಸ್ತಿದೆ ತಾನೆ? ಸರಿ.

ಇದು ಮೊದಲ ಫೋಟೊ. 2007ರ ಜೂನ್, ಭಾನುವಾರ ಬೆಳಿಗ್ಗೆ ಏಳು ಗಂಟೆ, ಅಹಮದಾಬಾದ್. ನೆಹರು ಬ್ರಿಜ್‌ನ ಫುಟ್‌ಪಾತ್ ಮೇಲೆ, ಪಶ್ಚಿಮದ ತುದಿಯಿಂದ ನಾಲ್ಕನೇ ದೀಪದ ಕಂಬಕ್ಕೆ ಬೆನ್ನು ಕೊಟ್ಟು ದಕ್ಷಿಣಕ್ಕೆ ಮುಖ ಮಾಡಿ ತೆಗೆದದ್ದು. ಎಡಕ್ಕೆ ಹಳೇ ಊರು, ಬಲಕ್ಕೆ ಆಶ್ರಮ ರಸ್ತೆಯ ಹೊಸ ಊರು, ದೂರದಲ್ಲಿ ಎಲ್ಲಿಸ್ ಬ್ರಿಜ್‌ನ ಕಮಾನುಗಳು. ಮಧ್ಯೆ ಕಂದು ಬಣ್ಣದ ನೀರು. ದಡದಲ್ಲಿ ತಂದು ಸುರಿದ ಮಣ್ಣಿನ ದಿಬ್ಬ, ಅದರ ಮೇಲೆ ಒಂದು ಕ್ರೇನ್. ನೋಡೋಕೆ ಏನೂ ಇಲ್ಲ.

ನಾನು ಆ ಊರಿಗೆ ಹೋಗಿ ಆಗ ಎರಡು ವಾರ. ಬೆಂಗಳೂರಲ್ಲಿ ಎಂಟು ವರ್ಷ ಟೆಸ್ಟಿಂಗ್ ಮಾಡಿ, ಕ್ಲೈಂಟ್ ಇದ್ದಾರೆ ಅಂತ ಅಲ್ಲಿಗೆ ಕಳಿಸಿದ್ರು. ಗುಜರಾತಿ ಬರಲ್ಲ, ಹಿಂದಿ ಅಷ್ಟಕ್ಕಷ್ಟೆ, ಸಾರಿಗೆ ಬೆಲ್ಲ. (ನಗು) ಭಾನುವಾರ ಏನ್ಮಾಡೋದು? ಬ್ರಿಜ್ ಮೇಲೆ ವಾಕ್. ಆ ಕ್ರೇನ್ ಏನು ಮಾಡ್ತಿದೆ ಅಂತ ಕುತೂಹಲ. ಮುಂದಿನ ಭಾನುವಾರ ಮತ್ತೆ ಹೋದೆ, ಅದೇ ಕಂಬ. ಹಾಗೇ ಐದು ವರ್ಷ. ಊರಿಗೆ ಬಂದ ವಾರ, ಜ್ವರದ ವಾರ, ರಿಲೀಸ್ ವಾರ ಎಲ್ಲ ಬಿಟ್ಟು 160ಕ್ಕೂ ಹೆಚ್ಚು ಭಾನುವಾರ. ನಿಮಗೆ ಹುಚ್ಚು ಅನ್ನಿಸಬಹುದು. ಆದರೆ ಮನೆ ಕಟ್ಟಿಸುವಾಗ ದಿನಾ ಸೈಟ್‌ಗೆ ಹೋಗಿ ಸುಮ್ನೆ ನಿಲ್ತೀವಲ್ಲ, ಅದೇ ಥರ. ಇದು ನನ್ನ ಮನೆ ಅಲ್ಲ, ಅಷ್ಟೆ.

ಏನು ಕಟ್ಟುತ್ತಿದ್ದರು ಅಂತ ಸ್ವಲ್ಪ ಹೇಳಬೇಕು. ನದಿದಂಡೆಯ ಕಲ್ಪನೆ ಹಳೆಯದು. 1960ರ ದಶಕದಲ್ಲೇ ಬರ್ನಾರ್ಡ್ ಕೋನ್ ಅನ್ನೋ ವಾಸ್ತುಶಿಲ್ಪಿ ಸಾಬರಮತಿಯ ಎರಡೂ ದಡಗಳನ್ನು ಜನರಿಗೆ ತೆರೆದಿಡಬೇಕು ಅಂತ ಹೇಳಿದ್ದರು. 1997ರಲ್ಲಿ ನಗರಪಾಲಿಕೆ ಇದಕ್ಕೇ ಒಂದು ಕಂಪನಿ ಮಾಡಿತು. ವಿನ್ಯಾಸ ಬಿಮಲ್ ಪಟೇಲ್ ಅವರದು. ಕೆಲಸ ಶುರುವಾದದ್ದು 2005ರಲ್ಲಿ. ನಾನು ನಿಲ್ಲುತ್ತಿದ್ದ ಸೇತುವೆಯ ಪಶ್ಚಿಮ ತುದಿಯಲ್ಲಿ ಪತಂಗ್ ಅನ್ನೋ ತಿರುಗುವ ಹೋಟೆಲಿನ ಗೋಪುರ ಇದೆ, ಫೋಟೊ ತೆಗೆಯುವಾಗ ನನ್ನ ಬೆನ್ನ ಹಿಂದೆ. ಅದನ್ನು ವಿನ್ಯಾಸ ಮಾಡಿದ್ದು ಅವರ ತಂದೆ ಹಸ್ಮುಖ್ ಪಟೇಲ್. ಅಪ್ಪನ ಗೋಪುರದ ಕಾಲಬುಡದಲ್ಲಿ ಮಗ ನದಿಯನ್ನೇ ತಿದ್ದುತ್ತಿದ್ದಾನೆ ಅಂತ ಯಾರೋ ಹೇಳಿದಾಗ ನನಗೆ ಭಾರೀ ಖುಷಿಯಾಗಿತ್ತು.

ತಿದ್ದೋದು ಅಂದ್ರೆ ನಿಜವಾಗಿ ತಿದ್ದೋದು. ಮೊದಲು ನದಿಯ ಅಗಲ ಎಲ್ಲ ಕಡೆ ಒಂದೇ ಇರಲಿಲ್ಲ. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿ ಹರಿಯುತ್ತಿತ್ತು. ಅದನ್ನು ಉದ್ದಕ್ಕೂ 263 ಮೀಟರಿಗೆ ನಿಲ್ಲಿಸಿದರು. ಸುಭಾಷ್ ಬ್ರಿಜ್‌ನಿಂದ ವಾಸಣಾ ಬ್ಯಾರೇಜ್‌ವರೆಗೆ, ಎರಡೂ ಬದಿ ಸುಮಾರು 11 ಕಿಲೋಮೀಟರ್ ಗೋಡೆ. ಗೋಡೆಯ ಹಿಂದೆ ಮಣ್ಣು ತುಂಬಿಸಿ ಪಡೆದ ಜಾಗ ಸುಮಾರು 200 ಹೆಕ್ಟೇರ್, ಅಂದರೆ ಎರಡು ಲಾಲ್‌ಬಾಗ್! ನದಿಯೊಳಗಿಂದ ಎರಡು ಲಾಲ್‌ಬಾಗ್ ಎತ್ತಿದರು. ಅದರಲ್ಲಿ ಒಂದು ಸಣ್ಣ ಭಾಗವನ್ನು ಮಾರಿ ಯೋಜನೆಯ ಖರ್ಚು ತೆಗೆಯೋದು ಲೆಕ್ಕಾಚಾರ. ಗೋಡೆಗೆ ಎರಡು ಮೆಟ್ಟಿಲು: ಕೆಳಗೆ ನೀರಿನ ಮಟ್ಟದಲ್ಲಿ ನಡೆಯುವ ದಾರಿ, ಮೇಲೆ ಊರಿನ ಮಟ್ಟದಲ್ಲಿ ಇನ್ನೊಂದು. ಜೋರು ಪ್ರವಾಹ ಬಂದ್ರೆ ಕೆಳಗಿನದು ಮುಳುಗಬಹುದು, ಮೇಲಿನದು ಮುಳುಗಬಾರದು. ದಡದುದ್ದಕ್ಕೂ ದೊಡ್ಡ ಕೊಳವೆ ಹಾಕಿ, ನದಿಗೆ ಬೀಳುತ್ತಿದ್ದ ಊರಿನ ಚರಂಡಿಗಳನ್ನು ಹಿಡಿದು ಶುದ್ಧೀಕರಣ ಘಟಕಕ್ಕೆ ತಿರುಗಿಸೋದು ಕೂಡ ಯೋಜನೆಯಲ್ಲಿತ್ತು.

ಇನ್ನು ನೀರು. ಸಾಬರಮತಿ ಮಳೆಗಾಲದ ನದಿ. ಬೇಸಿಗೆಯಲ್ಲಿ ಇಲ್ಲಿ ಕ್ರಿಕೆಟ್ ಆಡ್ತಿದ್ವಿ, ಸರ್ಕಸ್ ಡೇರೆ ಹಾಕ್ತಿದ್ರು, ಕಲ್ಲಂಗಡಿ ಬೆಳೀತಿದ್ರು ಅಂತ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರು ಹೇಳ್ತಿದ್ರು. ಈಗ ವರ್ಷವಿಡೀ ತುಂಬಿ ನಿಂತಿರೋದು ನರ್ಮದೆಯ ನೀರು. ನರ್ಮದಾ ಮುಖ್ಯ ಕಾಲುವೆ ಊರಿನ ಮೇಲ್ಭಾಗದಲ್ಲಿ ಸಾಬರಮತಿಯನ್ನು ದಾಟುತ್ತೆ, ಅಲ್ಲಿಂದ ಬಿಡ್ತಾರೆ. ಕೆಳಗೆ ವಾಸಣಾ ಬ್ಯಾರೇಜ್ ಹಿಡಿದು ನಿಲ್ಲಿಸುತ್ತೆ. ಹಾಗಾಗಿ ಅದು ನದಿ ಅನ್ನೋದಕ್ಕಿಂತ ಉದ್ದನೆಯ ಕೆರೆ. ತಮಾಷೆ ಮಾಡೋಕೆ ನಮಗೆ ಹಕ್ಕಿಲ್ಲ ಬಿಡಿ. ನೂರು ಕಿಲೋಮೀಟರ್ ದೂರದಿಂದ ಕಾವೇರಿ ಏರಿಸಿಕೊಂಡು ಕುಡಿಯೋ ಊರಿನವರು ನಾವು.

ಈಗ ಆಲ್ಬಮ್. ಒಂದೊಂದಾಗಿ ಓಡಿಸ್ತೀನಿ ನೋಡಿ. 2008. ಗೋಡೆ ಎದ್ದಿತು. 2009, ಕೆಳಗಿನ ದಾರಿಯ ಕಾಂಕ್ರೀಟ್. 2010, ಮೇಲೆ ಮಣ್ಣು ಸಪಾಟಾಯ್ತು. 2011, ಕಂಬಿ, ದೀಪ. 2012ರಲ್ಲಿ ಜನರಿಗೆ ತೆರೆದರು; ಈ ಫೋಟೊದಲ್ಲಿ ಮೊದಲ ಸಲ ಯಾರೋ ಕೆಳಗೆ ನಡೀತಿದ್ದಾರೆ. ಬೆಂಗಳೂರಿನ ಗೆಳೆಯರಿಗೆ ಪ್ರತಿ ತಿಂಗಳು ಕಳಿಸ್ತಿದ್ದೆ. "ನೋಡ್ರಪ್ಪಾ, ಊರು ಅಂದ್ರೆ ಇದು, ನಮ್ಮ ವೃಷಭಾವತಿ ನೋಡಿ." ಆ ಸಾಲು ಎಷ್ಟು ಸಲ ಬರೆದಿದ್ದೀನೋ.

ಯಾರಾದರೂ ಗಮನಿಸಿದ್ರಾ, ಎಲ್ಲ ಫೋಟೊ ಒಂದೇ ಅಳತೆ? ಅಗಲ ಜಾಸ್ತಿ, ಎತ್ತರ ಕಡಿಮೆ, ಕೆಳಗಿನ ಬಲಮೂಲೆ ಯಾವಾಗಲೂ ಗೋಡೆಯ ಅಂಚಿಗೇ ನಿಲ್ಲುತ್ತೆ. ಕ್ಯಾಮೆರಾ ಹಾಗೆ ತೆಗೆಯಲ್ಲ. ನಾನು ಕತ್ತರಿಸಿದ್ದು.

ಅಲ್ಲಿ ಗುಡಿಸಲುಗಳಿದ್ದವು. ಪಶ್ಚಿಮ ದಡದ ಇಳಿಜಾರಿನಲ್ಲಿ, ತಗಡು, ಪ್ಲಾಸ್ಟಿಕ್, ಅರ್ಧ ಇಟ್ಟಿಗೆ. ಪ್ರಗತಿ ತೋರಿಸೋ ಫೋಟೊದಲ್ಲಿ ಅದು ಯಾಕೆ ಅಂತ ಮೊದಲ ತಿಂಗಳಲ್ಲೇ ಕತ್ತರಿಸೋಕೆ ಶುರು ಮಾಡಿದೆ. ಆಮೇಲೆ ಅಭ್ಯಾಸ ಆಯ್ತು. ಕೆಟ್ಟ ಉದ್ದೇಶ ಇರಲಿಲ್ಲ. ಉದ್ದೇಶವೇ ಇರಲಿಲ್ಲ ಅನ್ನೋದು ಹೆಚ್ಚು ಸರಿ.

ನಮ್ಮ ಅಪಾರ್ಟ್‌ಮೆಂಟಿನ ಗೇಟ್ ಪಕ್ಕ ಒಬ್ಬರು ಇಸ್ತ್ರಿ ಮಾಡ್ತಿದ್ರು. ಅವರ ಮನೆ ಆ ಇಳಿಜಾರಿನಲ್ಲೇ ಇತ್ತು. ಭಾನುವಾರ ಬ್ರಿಜ್ ಮೇಲೆ ನಾನು ನಿಲ್ಲೋದನ್ನ ಅವರು ಕೆಳಗಿಂದ ವರ್ಷಗಟ್ಟಲೆ ನೋಡಿದ್ದರಂತೆ. ನಾನು ಅವರನ್ನ ನೋಡಿರಲಿಲ್ಲ. 2010ರಲ್ಲಿ ಒಂದು ದಿನ ಬಟ್ಟೆ ಕೊಡೋಕೆ ಹೋದಾಗ ಕೇಳಿದರು: "ಸಾಹೇಬ್, ನಿಮ್ಮ ಹತ್ರ ನದಿಯ ಫೋಟೊ ಇದೆಯಲ್ಲ, ನನ್ನ ಮನೆ ಇರೋದು ಒಂದು ಕೊಡ್ತೀರಾ? ಹಳೇದು ಇದ್ದಷ್ಟು ಒಳ್ಳೇದು."

ಯಾಕೆ ಅಂದ್ರೆ, ಆಗ ದಡದ ಜನರನ್ನು ಎಬ್ಬಿಸಿ ಬೇರೆ ಕಡೆ ಮನೆ ಕೊಡೋದು ನಡೀತಿತ್ತು. ಇದು ಸುಮ್ಮನೆ ಆದದ್ದಲ್ಲ. 2005ರಲ್ಲೇ ಸಾಬರಮತಿ ನಾಗರಿಕ್ ಅಧಿಕಾರ್ ಮಂಚ್ ಅಂತ ದಡದ ನಿವಾಸಿಗಳ ಸಂಘಟನೆ ಗುಜರಾತ್ ಹೈಕೋರ್ಟಿಗೆ ಹೋಗಿತ್ತು. ಪುನರ್ವಸತಿ ನ್ಯಾಯಾಲಯದ ಮುಂದಿನ ವಿಷಯವಾದದ್ದು ಹಾಗೆ. ಕೊನೆಗೆ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಸ್ಥಳಾಂತರವಾದವು. ಆದರೆ ಮನೆ ಸಿಗಬೇಕಾದರೆ ನೀವು ಅಲ್ಲಿ ಇದ್ದಿರಿ ಅನ್ನೋದಕ್ಕೆ ದಾಖಲೆ ಬೇಕು. ಇವರ ಕಾಗದಗಳು ಒಂದು ಮಳೆಗಾಲದಲ್ಲಿ ನೆನೆದು ಹೋಗಿದ್ದವು. ಯಾವುದೋ ಕಚೇರಿಯ ಕಿಟಕಿಯಲ್ಲಿ "ಏನಾದರೂ ಪುರಾವೆ ತನ್ನಿ" ಅಂದಿದ್ದರಂತೆ.

ನಾನು ತುಂಬಾ ಉತ್ಸಾಹದಿಂದ ಹೂಂ ಅಂದೆ. ರಾತ್ರಿ ಲ್ಯಾಪ್‌ಟಾಪ್ ತೆಗೆದೆ. ಕತ್ತರಿಸಿದ ಫೋಟೊಗಳು ಎಲ್ಲ ಇವೆ, ತಾರೀಖಿನ ಪ್ರಕಾರ, ನೀಟಾಗಿ. ಮೂಲ ಫೋಟೊಗಳು ಇಲ್ಲ. 80 ಜಿಬಿ ಡಿಸ್ಕ್, ಜಾಗ ಸಾಲಲ್ಲ ಅಂತ ಪ್ರತಿ ಸಲ ಡಿಲೀಟ್ ಮಾಡ್ತಿದ್ದೆ. ಇಲ್ಲಿ ಕೂತಿರೋರಲ್ಲಿ ಅರ್ಧ ಜನ ಡೇಟಾದಲ್ಲಿ ಕೆಲಸ ಮಾಡೋರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಡ್ಯಾಶ್‌ಬೋರ್ಡ್ ಇಟ್ಕೊಂಡು ರಾ ಡೇಟಾ ಅಳಿಸಿದ್ದೆ.

ಅಷ್ಟೂ ಫೋಟೊ ತಡಕಾಡಿದ ಮೇಲೆ ಒಂದೇ ಒಂದರಲ್ಲಿ, ಕತ್ತರಿಸುವಾಗ ಕೈ ಜಾರಿದ್ದಕ್ಕೆ, ನೀಲಿ ಟಾರ್ಪಾಲಿನ ಒಂದು ತುದಿ ಉಳಿದಿತ್ತು. ಇದು, ನೋಡಿ. ಈ ಮೂಲೆಯಲ್ಲಿ. ಪ್ರಿಂಟ್ ಹಾಕಿಸಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ "ಇದು ಪಕ್ಕದವರದ್ದು" ಅಂದರು. ಬೇಜಾರಿಂದಲ್ಲ, ಮಾಹಿತಿ ಹೇಳೋ ಥರ. ಪ್ರಿಂಟ್ ಮಾತ್ರ ತೊಗೊಂಡ್ರು, ಪಕ್ಕದವರಿಗೆ ಉಪಯೋಗ ಆಗಬಹುದು ಅಂತ.

ಅವರಿಗೆ ಮನೆ ಸಿಕ್ಕಿತು. ನನ್ನಿಂದಲ್ಲ, ಅವರ ತಾಯಿಯ ಹಳೇ ರೇಷನ್ ಕಾರ್ಡ್ ಯಾವುದೋ ನೆಂಟರ ಟ್ರಂಕಿನಲ್ಲಿತ್ತು. ವಟವಾ ಕಡೆ, ನಾಲ್ಕನೇ ಮಹಡಿ. ಪಕ್ಕಾ ಮನೆ, ಶೌಚಾಲಯ ಇದೆ, ಮಳೆಗೆ ಸೋರಲ್ಲ. ಅದನ್ನೂ ಅವರೇ ಹೇಳಿದ್ದು. ಆದರೆ ಇಸ್ತ್ರಿ ಗಿರಾಕಿಗಳು ಇರೋದು ಆಶ್ರಮ ರಸ್ತೆಯಲ್ಲಿ. ಮೊದಲು ಐದು ನಿಮಿಷ ನಡೆದು ಬರ್ತಿದ್ದವರು ಈಗ ಎರಡು ಷಟಲ್ ರಿಕ್ಷಾ ಬದಲಿಸಿ ಬರ್ತಿದ್ರು. ವಟವಾದಲ್ಲಿ ದುಡ್ಡು ಕೊಟ್ಟು ಇಸ್ತ್ರಿ ಮಾಡಿಸೋರು ಯಾರು?

ಈ ಘಟನೆ ಆದಮೇಲೆ ನಾನು ಫೋಟೊ ಕತ್ತರಿಸೋದು ಬಿಟ್ಟೆ. ಜೊತೆಗೆ ಇನ್ನೊಂದು ಕೆಲಸ ಶುರುವಾಯ್ತು, ಚೌಕಟ್ಟಿನ ಆಚೆ ಏನಿದೆ ಅಂತ ಹೋಗಿ ನೋಡೋದು. ವಾಸಣಾ ಬ್ಯಾರೇಜ್ ದಾಟಿ ಕೆಳಗೆ ಹೋಗಿದ್ದೀನಿ. ಮೇಲೆ ಕನ್ನಡಿ, ಕೆಳಗೆ ಮೂಗು ಮುಚ್ಚಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2022ರ ವರದಿ ಸಾಬರಮತಿಯ ರಾಯಸಣದಿಂದ ವೌಠಾವರೆಗಿನ ಪಾತ್ರದಲ್ಲಿ ಬಿಒಡಿ ಲೀಟರಿಗೆ 292 ಮಿಲಿಗ್ರಾಂ ಅಂತ ಹೇಳುತ್ತೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳೋಕೆ ಅದು 3ರ ಒಳಗಿರಬೇಕು. ವೌಠಾ ಅಂದ್ರೆ ಕಾರ್ತಿಕ ಹುಣ್ಣಿಮೆಗೆ ಕತ್ತೆಗಳ ಜಾತ್ರೆ ನಡೆಯೋ ಸಂಗಮದ ಊರು. ಜನ ಅಲ್ಲಿ ಸ್ನಾನ ಮಾಡ್ತಾರೆ.

ಕಂಪನಿ ಕೆಲಸದ ಮೇಲೆ ನಾನು ವಡೋದರ, ಸೂರತ್‌ಗೂ ಓಡಾಡ್ತಿದ್ದೆ. ಎರಡೂ ಕಡೆ "ನಮಗೂ ಅಹಮದಾಬಾದಿನಂಥದ್ದು ಬೇಕು" ಅನ್ನೋ ಮಾತು ಕೇಳಿದ್ದೀನಿ. ವಡೋದರದ ವಿಶ್ವಾಮಿತ್ರಿ ನದಿ ಊರಿನ ಮಧ್ಯೆ ಹಾವಿನ ಹಾಗೆ ಹೋಗುತ್ತೆ, ಅದರಲ್ಲಿ ಮೊಸಳೆಗಳಿವೆ. 2025ರ ಎಣಿಕೆಯಲ್ಲಿ 400ಕ್ಕೂ ಹೆಚ್ಚು ಸಿಕ್ಕವು. ಅಲ್ಲಿ ನದಿದಂಡೆ ಯೋಜನೆ ಶುರುವಾದಾಗ ನಾಗರಿಕರು ಹಸಿರು ನ್ಯಾಯಾಧಿಕರಣಕ್ಕೆ ಹೋದರು, 2016ರಲ್ಲಿ ಕೆಲಸ ನಿಂತಿತು. 2024ರ ಆಗಸ್ಟಿನಲ್ಲಿ ನದಿ 25 ಅಡಿಯ ಅಪಾಯದ ಮಟ್ಟ ದಾಟಿ 35 ಅಡಿ ಮೀರಿದಾಗ ಮೊಸಳೆಗಳು ಬಡಾವಣೆಯೊಳಕ್ಕೆ ಬಂದವು. ಸೂರತ್‌ನದು ಇನ್ನೊಂದು ಕಥೆ. ತಾಪಿ ದೊಡ್ಡ ನದಿ, ಮೇಲೆ ಉಕಾಯಿ ಅಣೆಕಟ್ಟು. 2006ರ ಆಗಸ್ಟಿನಲ್ಲಿ ಅಲ್ಲಿಂದ ಬಿಟ್ಟ ನೀರು ಊರಿನ ಬಹುಪಾಲನ್ನು ಮುಳುಗಿಸಿತು. ಅಲ್ಲಿ ನನ್ನ ಜೊತೆ ಕೆಲಸ ಮಾಡಿದವರೊಬ್ಬರು ನೀರು ನಿಂತ ಗುರುತನ್ನು ಮನೆಯ ಗೋಡೆಯಲ್ಲಿ ಬಣ್ಣ ಹೊಡೆಯದೆ ಹಾಗೇ ಬಿಟ್ಟಿದ್ದರು. ಸಾಬರಮತಿಯನ್ನು ಅಷ್ಟು ಸಲೀಸಾಗಿ ನೇರ ಮಾಡೋಕಾದದ್ದು ವರ್ಷದ ಬಹುಭಾಗ ಅದರಲ್ಲಿ ನೀರೇ ಇರಲಿಲ್ಲ ಅಂತ. ಅದೇ ನಕ್ಷೆ ತೊಗೊಂಡು ಹೋಗಿ ತಾಪಿಗೆ ಹಾಕೋಕೆ ಆಗಲ್ಲ.

ರಿವರ್‌ಫ್ರಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನನ್ನ ಮಗಳು ಸೈಕಲ್ ಕಲಿತದ್ದು ಅಲ್ಲೇ. ದುಡ್ಡು ಕೊಡದೆ, ಏನೂ ಕೊಳ್ಳದೆ, ಒಂದು ಸಂಜೆ ಕೂರೋಕೆ ಇಡೀ ಊರಿಗೆ ಜಾಗ ಸಿಕ್ಕಿದೆ. ಬೆಂಗಳೂರಲ್ಲಿ ಅಂಥದ್ದು ಎಷ್ಟಿವೆ ಅಂತ ಎಣಿಸಿ. ಭಾನುವಾರದ ಗುಜರಿ ಬಜಾರ್ ಅನ್ನು ಕೂಡ ಓಡಿಸಿಬಿಡ್ತಾರೆ ಅಂತ ಹೆದರಿದ್ದೆವು. ಕಟ್ಟೆ, ನೆರಳು ಮಾಡಿ ದಡದಲ್ಲೇ ಜಾಗ ಕೊಟ್ಟರು. ನನ್ನ ತಕರಾರು ನನ್ನ ಆಲ್ಬಮ್ ಬಗ್ಗೆ. ಈಗ ನಮ್ಮ ರಾಜಕಾಲುವೆಗಳ ಪಕ್ಕ, ಮಂಗಳೂರಿನ ನೇತ್ರಾವತಿ ಪಕ್ಕ ಇಂಥದ್ದೇ ಕೆಲಸಗಳಾಗ್ತಿವೆ, ಡ್ರೋನ್ ವಿಡಿಯೊ ವಾರಕ್ಕೊಂದು ಬರುತ್ತೆ. ತೆಗೆಯೋರು ದಯವಿಟ್ಟು ಒರಿಜಿನಲ್ ಫೈಲ್ ಇಟ್ಕೊಳ್ಳಿ. ಹಾರ್ಡ್‌ಡಿಸ್ಕ್ ಈಗ ಸಸ್ತಾ.

ಕೊನೆಯ ಎರಡು ಸ್ಲೈಡ್. 2022ರ ಆಗಸ್ಟಿನಲ್ಲಿ ಎಲ್ಲಿಸ್ ಬ್ರಿಜ್ ಮತ್ತು ಸರದಾರ್ ಬ್ರಿಜ್ ನಡುವೆ ಅಟಲ್ ಬ್ರಿಜ್ ಅಂತ ನಡೆಯುವವರ ಸೇತುವೆ ಶುರುವಾಯ್ತು, 300 ಮೀಟರ್, ಗಾಳಿಪಟದ ಬಣ್ಣಗಳು. ಆ ಚಳಿಗಾಲದಲ್ಲಿ ನಾನು ಹೋದಾಗ ಯಾರೋ ಹಿಂದಿಂದ "ಸಾಹೇಬ್" ಅಂದರು. ಇಸ್ತ್ರಿಯವರು. ಹೆಂಡತಿ, ಸೊಸೆ, ಮೊಮ್ಮಗನ ಜೊತೆ, ಟಿಕೆಟ್ ತೊಗೊಂಡು ಬಂದಿದ್ದರು. ಮೊಮ್ಮಗನಿಗೆ ಹಳೇ ಮನೆ ತೋರಿಸಬೇಕಂತೆ, ಎಲ್ಲಿ ಅಂತ ಗುರುತು ಸಿಗ್ತಿಲ್ಲವಂತೆ.

ನನ್ನ ಫೋನಿನಲ್ಲಿ ಆಲ್ಬಮ್ ಇತ್ತು. ಎಲ್ಲರೂ ನೆಹರು ಬ್ರಿಜ್‌ವರೆಗೆ ನಡೆದ್ವಿ, ನಾಲ್ಕನೇ ಕಂಬದ ಹತ್ರ ನಿಂತ್ವಿ. ನೀಲಿ ಟಾರ್ಪಾಲಿನ ಫೋಟೊ ತೆಗೆದು, ಹಿಂದಿನ ಕಟ್ಟಡಗಳ ಕಿಟಕಿ ಎಣಿಸಿ, ಅಲ್ಲಿಂದ ಎಡಕ್ಕೆ ಒಂದು ಮನೆ ಅಂತ ಲೆಕ್ಕ ಹಾಕಿದ್ವಿ. ದಡದ ರಸ್ತೆಯ ಮೇಲೆ ಬಂತು. ಅಲ್ಲಿ ಒಂದು ಬಿಳಿ ಸ್ವಿಫ್ಟ್ ನಿಂತಿತ್ತು. ಮೊಮ್ಮಗ ಕಾರಿನ ಕೆಳಗಾ ಅಂತ ಕೇಳಿದ. ಅವರು "ಇನ್ನೂ ಕೆಳಗೆ, ತುಂಬಾ ಮಣ್ಣು ಹಾಕಿದ್ದಾರೆ" ಅಂದರು.

ಇದು ಆವತ್ತಿನ ಫೋಟೊ. ಐದು ಜನ ಇದ್ದಾರೆ, ಬಲಮೂಲೆಯಲ್ಲಿ ಕಾರು. ಕತ್ತರಿಸಿಲ್ಲ.

ಪ್ರಶ್ನೆ ಇದ್ದರೆ ಕೇಳಿ, ಹತ್ತು ನಿಮಿಷ ಇದೆ.