ನನಗೆ ನಿಜವಾಗಿ ಬೇಕಾದದ್ದೇನು?



ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನವನ್ನು ಒಮ್ಮೆ ನೆನಪಿಸಿಕೊಳ್ಳಿ. ಒಳ್ಳೆಯ ಅಂಕಗಳು ಬಂದವೆನ್ನೋಣ. ಮನೆಯಲ್ಲಿ ಸಿಹಿ ಹಂಚಿದರು, ನೆರೆಹೊರೆಯವರು ಬೆನ್ನು ತಟ್ಟಿದರು. ಆ ಸಂತೋಷ ಎಷ್ಟು ದಿನ ಉಳಿಯಿತು? ವಾರ ಕಳೆಯುವಷ್ಟರಲ್ಲಿ ಮುಂದಿನ ಕಾಲೇಜಿನ ಸೀಟಿನ ಚಿಂತೆ ಆ ಜಾಗಕ್ಕೆ ಬಂದು ಕುಳಿತಿತು. ಅಂಕ ಕಡಿಮೆ ಬಂದವರ ದುಃಖವೂ ಹಾಗೆಯೇ, ಅದೂ ಶಾಶ್ವತವಲ್ಲ. ಹಾಗಾದರೆ, ಬಂದು ಹೋಗುವ ಈ ಸುಖದುಃಖಗಳ ಆಳದಲ್ಲಿ ಅಲುಗದೆ ನಿಲ್ಲುವ ಸಂತೋಷವೆಂಬುದೊಂದು ಇದೆಯೇ? ಇದ್ದರೆ ಅದನ್ನು ಎಲ್ಲಿ ಹುಡುಕಬೇಕು?

ಇದಕ್ಕೆ ಶಾಸ್ತ್ರದ ಮಾತುಗಳಲ್ಲಿ ಉತ್ತರ ಹೇಳುವ ಬದಲು ಒಬ್ಬ ತರುಣನ ಜೀವನದ ಎರಡು ಪ್ರಸಂಗಗಳನ್ನು ನಿಮ್ಮ ಮುಂದಿಡುತ್ತೇನೆ.

1884ನೆಯ ಇಸವಿ. ಕಲ್ಕತ್ತೆಯ ನರೇಂದ್ರನಾಥ ದತ್ತ ಆಗತಾನೆ ಬಿ.ಎ. ಪರೀಕ್ಷೆಗೆ ಕುಳಿತಿದ್ದ. ವಯಸ್ಸು 21. ತಂದೆ ಹೈಕೋರ್ಟಿನ ಹೆಸರಾಂತ ವಕೀಲರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆ ವರ್ಷ ತಂದೆ ಹಠಾತ್ತನೆ ತೀರಿಕೊಂಡರು. ಆಗ ತಿಳಿಯಿತು, ಆದಾಯಕ್ಕಿಂತ ಸಾಲವೇ ಹೆಚ್ಚಾಗಿತ್ತೆಂದು. ಸಾಲಗಾರರು ಬಾಗಿಲಿಗೆ ಬಂದರು. ಬಂಧುಗಳು ಮನೆಯ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ತಾಯಿ, ತಮ್ಮಂದಿರು ಮೊದಲಾದವರ ಹೊಣೆ ಹಿರಿಯ ಮಗನ ಹೆಗಲಿಗೆ ಬಿತ್ತು. ಕೈಯಲ್ಲಿ ಅರ್ಜಿ ಹಿಡಿದು, ಸುಡುಬಿಸಿಲಿನಲ್ಲಿ ಬರಿಗಾಲಿನಲ್ಲಿ ಆತ ಕಚೇರಿಯಿಂದ ಕಚೇರಿಗೆ ಅಲೆದ. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಅನ್ನವಿಲ್ಲವೆಂದು ತಿಳಿದ ದಿನ, ಹೊರಗೆ ಊಟಕ್ಕೆ ಕರೆದಿದ್ದಾರೆಂದು ತಾಯಿಗೆ ಹೇಳಿ ಉಪವಾಸ ಉಳಿದದ್ದೂ ಉಂಟು. ವಕೀಲರ ಕಚೇರಿಯಲ್ಲಿ ಸ್ವಲ್ಪ ಕೆಲಸ, ಕೆಲವು ಪುಸ್ತಕಗಳ ಅನುವಾದ ಇವು ದೊರೆತವೇ ಹೊರತು ಸ್ಥಿರವಾದ ಉದ್ಯೋಗ ದೊರೆಯಲಿಲ್ಲ.

ಕೊನೆಗೆ ನರೇಂದ್ರ ದಕ್ಷಿಣೇಶ್ವರಕ್ಕೆ ಹೋಗಿ, ತನ್ನ ಮನೆಯ ಕಷ್ಟ ನೀಗುವಂತೆ ದೇವಿಯಲ್ಲಿ ಪ್ರಾರ್ಥಿಸಬೇಕೆಂದು ಗುರುಗಳಾದ ಶ್ರೀರಾಮಕೃಷ್ಣರನ್ನು ಬೇಡಿಕೊಂಡ. ನೀನೇ ಹೋಗಿ ಕೇಳು ಎಂದರು ಅವರು. ರಾತ್ರಿ ನರೇಂದ್ರ ಕಾಳಿಯ ಗುಡಿಗೆ ಹೋದ. ದೇವಿಯ ಎದುರು ನಿಂತೊಡನೆ ಮನಸ್ಸು ಶಾಂತಿಯಿಂದ ತುಂಬಿತು. ಬಾಯಿಂದ ಬಂದದ್ದು ಹಣದ ಮಾತಲ್ಲ. ವಿವೇಕ, ವೈರಾಗ್ಯ, ಜ್ಞಾನ, ಭಕ್ತಿಗಳನ್ನು ಕೊಡು ಎಂಬ ಬೇಡಿಕೆ. ಗುರುಗಳು ಮತ್ತೆ ಕಳುಹಿಸಿದರು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಹಣದ ನೆನಪು ಬಂದಿತು, ಆದರೆ ಕೇಳಲು ನಾಚಿಕೆಯಾಯಿತು. ಅರಸನ ಒಲವು ಪಡೆದವನು ಅವನಲ್ಲಿ ಕುಂಬಳಕಾಯಿ ಬೇಡಿದಂತಾದೀತು ಎನ್ನಿಸಿತು. ಮನೆಯವರಿಗೆ ಸಾಮಾನ್ಯ ಅನ್ನಬಟ್ಟೆಗೆ ಕೊರತೆಯಾಗದು ಎಂಬ ಗುರುವಿನ ಅಭಯವೊಂದನ್ನು ಪಡೆದು ಆತ ಹಿಂದಿರುಗಿದ.

ಮಿತ್ರರೇ, ಹಣ ಬೇಡ, ಉದ್ಯೋಗ ಬೇಡ ಎಂಬುದು ಈ ಪ್ರಸಂಗದ ಅರ್ಥವಲ್ಲ. ಹಸಿದ ಮನೆಗೆ ಅನ್ನ ಬೇಕೇ ಬೇಕು. ಮನೆಯ ವ್ಯಾಜ್ಯವನ್ನು ನರೇಂದ್ರ ಕೈಬಿಡಲಿಲ್ಲ. ತಾಯಿಯ ಚಿಂತೆ ಸನ್ಯಾಸಿಯಾದ ಮೇಲೂ ಆತನನ್ನು ಬಿಡಲಿಲ್ಲ. ಆದರೆ ಆ ರಾತ್ರಿ ಆತನಿಗೆ ಒಂದು ಸಂಗತಿ ಸ್ಪಷ್ಟವಾಯಿತು: ನನಗೆ ಅಗತ್ಯವಾದದ್ದು ಒಂದು, ನಾನು ಯಾವುದಕ್ಕಾಗಿ ಬದುಕಬೇಕೋ ಅದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿ ನೋಡುವ ಶಕ್ತಿಗೇ ವಿವೇಕವೆಂದು ಹೆಸರು. ಕಠೋಪನಿಷತ್ತಿನ ಬಾಲಕ ನಚಿಕೇತ ಯಮನು ನೀಡಬಂದ ಸಂಪತ್ತು, ದೀರ್ಘಾಯುಷ್ಯಗಳನ್ನು ಒಲ್ಲೆನೆಂದು ಆತ್ಮತತ್ತ್ವವನ್ನೇ ಕೇಳಿದ್ದೂ ಇದೇ ವಿವೇಕದಿಂದ. ಹಿತವೆನಿಸುವುದು ಪ್ರೇಯ, ಹಿತವಾದದ್ದು ಶ್ರೇಯ. ನಮ್ಮನ್ನು ನಾವು ಅರಿಯುವ ದಾರಿ ಇವೆರಡರ ವ್ಯತ್ಯಾಸವನ್ನು ತಿಳಿಯುವುದರಿಂದ ಆರಂಭವಾಗುತ್ತದೆ.

ಎರಡನೆಯ ಪ್ರಸಂಗ ಸುಮಾರು ಎರಡು ವರ್ಷಗಳ ನಂತರದ್ದು. ಶ್ರೀರಾಮಕೃಷ್ಣರು ಗಂಟಲಿನ ಕ್ಯಾನ್ಸರಿನಿಂದ ಬಳಲುತ್ತ ಕಾಶೀಪುರದ ತೋಟದ ಮನೆಯಲ್ಲಿದ್ದರು. ಸದಾ ಸಮಾಧಿಯ ಆನಂದದಲ್ಲಿ ಮುಳುಗಿರಬೇಕೆಂಬುದೇ ತನ್ನ ಆಸೆಯೆಂದು ನರೇಂದ್ರ ಹೇಳಿಕೊಂಡ. ಗುರುಗಳು ಮೆಚ್ಚುವರೆಂದು ನಾವು ಎಣಿಸುತ್ತೇವೆ. ಅವರು ಗದರಿಸಿದರು. ನೀನು ದೊಡ್ಡ ಆಲದ ಮರದಂತಾಗಿ ಬಳಲಿದ ಸಾವಿರಾರು ಜನರಿಗೆ ನೆರಳಾಗುವೆಯೆಂದು ನಾನು ತಿಳಿದಿದ್ದರೆ, ನೀನು ನಿನ್ನೊಬ್ಬನ ಮುಕ್ತಿಯನ್ನೇ ಬಯಸುವೆಯಾ ಎಂದರು.

ಈ ಮಾತು ನರೇಂದ್ರನನ್ನು ಬಿಡಲಿಲ್ಲ. 1886ರಲ್ಲಿ ಗುರುಗಳು ದೇಹಬಿಟ್ಟ ನಂತರ ಆತ ಪರಿವ್ರಾಜಕನಾಗಿ ದೇಶವನ್ನೆಲ್ಲ ಸುತ್ತಿದ. 1892ರಲ್ಲಿ ಬೆಳಗಾವಿ, ಬೆಂಗಳೂರು, ಮೈಸೂರುಗಳಿಗೂ ಬಂದ. ಅದೇ ವರ್ಷದ ಕೊನೆಯಲ್ಲಿ ಕನ್ಯಾಕುಮಾರಿಯ ಬಂಡೆಯ ಮೇಲೆ ಕುಳಿತಾಗ ಆತನ ಧ್ಯಾನಕ್ಕೆ ವಸ್ತುವಾದದ್ದು ಈ ದೇಶದ ಬಡವರ ಬದುಕು. ಸ್ವಾಮಿ ವಿವೇಕಾನಂದರೆಂದು ಜಗತ್ತು ಬಲ್ಲದ್ದು ಆತನನ್ನೇ. 1893ರ ಚಿಕಾಗೋ ಭಾಷಣದ ಕೀರ್ತಿಯ ನಡುವೆಯೂ ಅವರು 1894ರಲ್ಲಿ ಮೈಸೂರು ಮಹಾರಾಜ ಚಾಮರಾಜ ಒಡೆಯರಿಗೆ ಕಾಗದ ಬರೆದು ಬಡವರ ವಿದ್ಯಾಭ್ಯಾಸದ ವಿಷಯವನ್ನೇ ಪ್ರಸ್ತಾಪಿಸಿದರು. 1897ರಲ್ಲಿ ರಾಮಕೃಷ್ಣ ಮಿಷನ್ ಸ್ಥಾಪಿಸಿದರು. ಒಳಗೆ ಕಂಡ ಆನಂದ ಹೊರಗೆ ಸೇವೆಯಾಗಿ ಹರಿಯಿತು. ಬದುಕಿಗೆ ಗುರಿ ಸಿಕ್ಕಿದ್ದು ಹೀಗೆ.

ಹಾಗಾದರೆ ನಾವೇನು ಮಾಡಬಹುದು? ಮನೆ ಬಿಟ್ಟು ಹೋಗಬೇಕಾಗಿಲ್ಲ. ರಾತ್ರಿ ಮಲಗುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತು ನಿಮ್ಮನ್ನೇ ಕೇಳಿಕೊಳ್ಳಿ: ಇಂದು ನಾನು ಬಯಸಿದ್ದರಲ್ಲಿ ಎಷ್ಟು ನನ್ನ ಸ್ವಂತದ್ದು, ಎಷ್ಟು ಇತರರನ್ನು ನೋಡಿ ಹುಟ್ಟಿದ್ದು? ಯಾವ ಕೆಲಸ ಮಾಡುವಾಗ ಹೊಗಳಿಕೆಯ ನೆನಪೂ ಇಲ್ಲದೆ ಮನಸ್ಸು ಹಗುರಾಗಿತ್ತು? ನನ್ನಿಂದ ಒಬ್ಬರಿಗಾದರೂ ನೆರಳು ಸಿಕ್ಕಿತೇ? ಮೊದಲ ದಿನವೇ ಉತ್ತರ ಬಾರದಿರಬಹುದು. ಕಲಕಿದ ನೀರು ತಿಳಿಯಾಗಲು ಸಮಯ ಬೇಕು. ಮನಸ್ಸು ತೀರ ಕುಗ್ಗಿ ಬಹುದಿನ ಮೇಲೇಳದಿದ್ದರೆ ಒಬ್ಬರೇ ಹೊರಬೇಡಿ. ತಂದೆತಾಯಿಗಳಿಗೋ ಗುರುಗಳಿಗೋ ಹೇಳಿ, ವೈದ್ಯರ ನೆರವು ಪಡೆಯಿರಿ. ನರೇಂದ್ರನೂ ತನ್ನ ಕಷ್ಟವನ್ನು ಗುರುವಿನ ಮುಂದೆ ಹೇಳಿಕೊಂಡವನೇ ಅಲ್ಲವೇ?

ಮುಂದೊಂದು ದಿನ ನಿಮ್ಮ ಕೈಯಲ್ಲೂ ಅರ್ಜಿಯಿರುತ್ತದೆ, ನೀವೂ ಬಾಗಿಲುಗಳನ್ನು ತಟ್ಟುತ್ತೀರಿ. ಕೆಲವು ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ. ನನಗೆ ನಿಜವಾಗಿ ಬೇಕಾದದ್ದೇನು ಎಂಬ ಪ್ರಶ್ನೆಗೆ ಉತ್ತರ ಅರಸುತ್ತಿರುವವನನ್ನು ಮುಚ್ಚಿದ ಬಾಗಿಲು ನೋಯಿಸಬಹುದು, ಕೆಡವಲಾರದು. ಆ ಪ್ರಶ್ನೆಯನ್ನು ಇಂದೇ ಕೇಳಿಕೊಳ್ಳಿ.