ಬಸಿರು, ಗಬ್ಬ, ಸೂಲು

(ಮಲವಗೊಪ್ಪದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)

ಹಾಸ್ಟೆಲ್ ಹುಡುಗರ ಮುಂದೆ ಬಸಿರಿನ ಮಾತು ಯಾಕೆ ಅಂತ ಕೆಲವರು ನಗಬಹುದು. ನಗಲಿ. ನಮ್ಮನ್ನು ಹೆತ್ತವಳು ಹೊಟ್ಟೆ ಹೊತ್ತಾಗ ಅವಳನ್ನು ಯಾವ ಪದದಿಂದ ಕರೆದರು ಅನ್ನೋದು ಬರೀ ಹೆಂಗಸರ ಮಾತಲ್ಲ. ಅದು ಜಾತಿಯ ಮಾತು, ಕೂಲಿಯ ಮಾತು. ಆದ್ದರಿಂದ ನಾವೂ ನೀವೂ ಆಡಲೇಬೇಕಾದ ಮಾತು.

ಮೊದಲು ನಮ್ಮ ಕಿವಿಗೆ ದಿನಾ ಬೀಳುವ ಪದಗಳನ್ನು ಎಣಿಸೋಣ. ಹಸು ಗಬ್ಬ ಆಗೈತೆ ಅಂತೀವಿ. ಎಮ್ಮೆ ಈದೈತೆ, ಆಡು ಮರಿ ಹಾಕೈತೆ ಅಂತೀವಿ. ದಿನ ತುಂಬುವ ಮುಂಚೆ ಬಿದ್ದುಹೋದರೆ ಕಂದು ಹಾಕ್ತು ಅಂತೀವಿ. ಗಬ್ಬ ನಿಲ್ಲದಿದ್ದರೆ ಗೊಡ್ಡು. ಹೆಂಗಸಾದರೆ ಬಸುರಿ, ಎರಡು ಜೀವದವಳು, ದಿನ ತುಂಬಿದವಳು. ಧಾರವಾಡದ ಕಡೆ 'ಹೊಟ್ಟೀಲೆ ಅದಾಳ' ಅಂತಾರೆ. ಪುಸ್ತಕದಲ್ಲಿ, ಆಸ್ಪತ್ರೆಯ ಗೋಡೆಯ ಮೇಲೆ ಗರ್ಭಿಣಿ.

ನೋಡುವುದಕ್ಕೆ ಸರಳ ಹಂಚಿಕೆ. ದನಕ್ಕೆ ಒಂದು, ಮನುಷ್ಯರಿಗೆ ಒಂದು. ಆದರೆ ಪದದ ಬೇರು ಹಿಡಿದು ಹೋದರೆ ಈ ಹಂಚಿಕೆ ನಿಲ್ಲುವುದಿಲ್ಲ.

ಶಾಲೆಯಲ್ಲಿ ತತ್ಸಮ-ತದ್ಭವ ಬಾಯಿಪಾಠ ಮಾಡಿದ್ದೇವೆ. ಕಾರ್ಯ ಕಜ್ಜ ಆಯಿತು, ಪಕ್ಷಿ ಹಕ್ಕಿ ಆಯಿತು. ಹಾಗೆಯೇ ಗರ್ಭ ಗಬ್ಬ ಆಯಿತು. ಎರಡೂ ಒಂದೇ ಪದ. ಮಡಿಯುಟ್ಟ ರೂಪ ಒಳಮನೆಗೆ ಹೋಯಿತು, ಜನರ ಬಾಯಲ್ಲಿ ತಿರುಗಿದ ರೂಪ ಕೊಟ್ಟಿಗೆಗೆ ಹೋಯಿತು. ಬಸಿರು ಅಂದರೆ ಹಳಗನ್ನಡದಲ್ಲಿ ಹೊಟ್ಟೆ. ಧಾರವಾಡದ ಅಜ್ಜಿ ಇವತ್ತಿಗೂ ಹೇಳುವುದು ಅದನ್ನೇ.

ಸೂಲು ಪದವನ್ನೂ ನೋಡಿ. ದನದ ಜಾತ್ರೆಯಲ್ಲಿ ಹಸು ಕೊಳ್ಳುವವನು ಕೇಳುವುದು, 'ಎಷ್ಟನೇ ಸೂಲು?' ಅದೇ ಸೂಲಿನಿಂದ ಸೂಲಗಿತ್ತಿ ಬಂದಳು. ಸಾವಿರಾರು ಹೆರಿಗೆ ಮಾಡಿಸಿದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಈ ಪದವೂ ಅವರ ಹೆಸರಿನ ಜತೆ ದಿಲ್ಲಿಗೆ ಹೋಯಿತು. ನಮ್ಮಲ್ಲಿ ಎಮ್ಮೆ, ನಾಯಿಗೆ ಉಳಿದ 'ಈಯು' ತಮಿಳಿನಲ್ಲಿ ಹೆತ್ತ ತಾಯಿಗೇ ಸಲ್ಲುತ್ತದೆ. ಅಲ್ಲಿ 'ಈನ್ರ ತಾಯ್' ಅಂದರೆ ಗೌರವದ ಮಾತು.

ಅಂದಮೇಲೆ ಪದದಲ್ಲಿ ಮೇಲು ಕೀಳು ಹುಟ್ಟಿನಿಂದ ಬಂದದ್ದಲ್ಲ. ಯಾರು ಯಾರ ಬಗ್ಗೆ ಆಡಿದರು ಅನ್ನುವುದರಿಂದ ಬಂದದ್ದು. ಜಗಲಿಯ ಮೇಲೆ ಕೂತ ಧಣಿ ಕೇರಿಯ ಹೆಂಗಸನ್ನು ನೋಡಿ 'ಗಬ್ಬ ಆಗವಳೆ', 'ವರ್ಷಕ್ಕೊಂದು ಈಯ್ತಾಳೆ' ಅಂತ ನಗುತ್ತಾನೆ. ಅದೇ ಊರಿನ ಪಶು ಆಸ್ಪತ್ರೆಯಲ್ಲಿ ಹಸುವಿಗೆ 'ಕೃತಕ ಗರ್ಭಧಾರಣೆ' ಅಂತ ಬೋರ್ಡು ಇರುತ್ತದೆ. ದನಕ್ಕೆ ಸಿಕ್ಕ ಸಂಸ್ಕೃತ ನಮ್ಮವ್ವನಿಗೆ ಸಿಗಲಿಲ್ಲ! ಇನ್ನು ಮಕ್ಕಳಾಗದ ಹೆಣ್ಣನ್ನು 'ಗೊಡ್ಡು' ಅನ್ನುವ ಗಂಡಸರು ಜಗಲಿಯಲ್ಲಷ್ಟೇ ಇಲ್ಲ, ನಮ್ಮ ಕೇರಿಯಲ್ಲೂ ಇದ್ದಾರೆ. ಅವರ ಬಾಯನ್ನೂ ನಾವೇ ಮುಚ್ಚಿಸಬೇಕು.

ಆದರೆ ಗೆಳೆಯರೇ, ಗಬ್ಬ ಬಿಟ್ಟು ಗರ್ಭಿಣಿ ಅಂದುಬಿಟ್ಟರೆ ಕೆಲಸ ಮುಗಿಯಲಿಲ್ಲ. ದನ ಕಾದವರು, ಸೂಲು ಎಣಿಸಿದವರು ನಾವು. ದನದ ಪದ ನಮಗೆ ಹೊಲಸಲ್ಲ. ನಮ್ಮ ಲೆಕ್ಕ ಬೇರೆ ಇದೆ.

ಹೆಂಗಸು ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು 280 ದಿನ ಹೊರುತ್ತಾಳೆ. ಹಸುವೂ ಹೆಚ್ಚು ಕಡಿಮೆ ಅಷ್ಟೇ ದಿನ. ಎಮ್ಮೆ ಸುಮಾರು 310 ದಿನ, ಆಡು ಕುರಿ 150. ಗಬ್ಬದ ಹಸುವಿಗೆ ಕರು ಹಾಕುವ ಎರಡು ತಿಂಗಳ ಮುಂಚೆ ಹಾಲು ಬತ್ತಿಸುತ್ತಾರೆ. ಹಿಂಡಿ ಜಾಸ್ತಿ ಇಡುತ್ತಾರೆ, ದೂರ ಹೊಡೆಯುವುದಿಲ್ಲ. ಒಳ್ಳೆಯದೇ. ಆದರೆ ಅದೇ ಮನೆಯ ಗದ್ದೆಯಲ್ಲಿ ಎಂಟು ತಿಂಗಳ ಬಸುರಿ ಸೊಂಟ ಬಗ್ಗಿಸಿ ಕಳೆ ಕೀಳುತ್ತಿದ್ದರೆ ದಿನ ಎಣಿಸುವವರು ಯಾರು? ಒಂದು ದಿನ ಕೂತರೆ ಆ ದಿನದ ಕೂಲಿ ಇಲ್ಲ.

ಈ ಲೆಕ್ಕವನ್ನು ಬಾಬಾಸಾಹೇಬರು 1928ರಲ್ಲೇ ಎತ್ತಿದ್ದರು. ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅದರ ಪರವಾಗಿ ಮಾತಾಡಿದರು. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ನಾಡಿನ ಹಿತ ಅನ್ನುವುದು ಅವರ ವಾದ. 1929ರಲ್ಲಿ ಅದು ಕಾಯ್ದೆ ಆಯಿತು. 1961ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆ ಬಂತು, 12 ವಾರ. 2017ರಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ಆಯಿತು. ಕಾರ್ಖಾನೆ, ಗಣಿ, ಪ್ಲಾಂಟೇಶನ್ನು, ಹತ್ತು ಜನ ದುಡಿಯುವ ಅಂಗಡಿ, ಇಂಥ ಕಡೆಗೆ ಅದು ಮುಟ್ಟಿತು. ಇವತ್ತು ಒಬ್ಬರ ಗದ್ದೆ, ನಾಳೆ ಇನ್ನೊಬ್ಬರ ಕಬ್ಬಿನ ಹೊಲ ಅಂತ ದುಡಿಯುವವಳಿಗೆ ರಜೆ ಬರೆದುಕೊಡುವ ಧಣಿ ಯಾರು?

ನಿಮ್ಮಲ್ಲಿ ಕೆಲವರು ನಾಳೆ ಮೇಷ್ಟ್ರಾಗುತ್ತೀರಿ, ನರ್ಸ್ ಆಗುತ್ತೀರಿ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೂ ಹೋಗುತ್ತೀರಿ. ರಜೆಗೆ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಅಜ್ಜಿಯರನ್ನು ಕೂರಿಸಿಕೊಂಡು ಬಸಿರು ಬಾಣಂತನದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅವರ ಜತೆ ಅವು ಮಣ್ಣಾಗುವುದು ಬೇಡ. ಅದರ ಪಕ್ಕದಲ್ಲೇ ಇನ್ನೊಂದು ಸಾಲು ಬರೆಯಿರಿ: ನಿಮ್ಮ ಅವ್ವ ನಿಮ್ಮನ್ನು ಹೊತ್ತಿದ್ದಾಗ ಎಷ್ಟನೇ ತಿಂಗಳವರೆಗೆ ಕೂಲಿಗೆ ಹೋದಳು, ಹೆತ್ತು ಎಷ್ಟನೇ ದಿನಕ್ಕೆ ಮತ್ತೆ ಗದ್ದೆಗೆ ಇಳಿದಳು. ಮುಂದಿನ ಸಭೆಗೆ ಆ ಲೆಕ್ಕ ತನ್ನಿ. ಎಲ್ಲರೂ ಕೂತು ಓದೋಣ.